ಕರಡು ನಿಯಮ ರೂಪಿಸಲು ಎಲ್ಲ ಇಲಾಖೆಗಳಿಗೂ ಒಂದೇ ಪದ್ಧತಿ ಬೇಡವೇ?

ಬ್ರಹ್ಮಪುರ ಓದುಗ, ಕಲಬುರಗಿ

ಇಲ್ಲಿರುವ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಒಂದು ಇಲಾಖೆಯಲ್ಲಿ ಎಂಟು ವರ್ಷಗಳಿಂದ ಹೊರಗುತ್ತಿಗೆಯ ಮೇಲೆ ಪ್ರಯೋಗಾಲಯ ತಂತ್ರಜ್ಞನಾಗಿ ದುಡಿಯುತ್ತಿರುವ ನಾನು, ಕಾಯಂ ಹುದ್ದೆಗೆ ಅರ್ಜಿ ಕರೆಯುವುದನ್ನೇ ಕಾಯುತ್ತಿದ್ದೆ. ಕಳೆದ ವರ್ಷ ಆ ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮಗಳ ತಿದ್ದುಪಡಿಗೆ ಕರಡು ಹೊರಟಿತು. ಅಲ್ಲಿಯವರೆಗೆ ಡಿಪ್ಲೊಮಾ ಸಾಕಾಗುತ್ತಿದ್ದ ಹುದ್ದೆಗೆ ಪದವಿಯೇ ಕನಿಷ್ಠ ವಿದ್ಯಾರ್ಹತೆ ಆಗಬೇಕೆಂಬುದು ಅದರ ಸಾರ. ವಿಶೇಷ ರಾಜ್ಯಪತ್ರದಲ್ಲಿ ಪ್ರಕಟವಾದ ದಿನದಿಂದ 15 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬೇಕಿತ್ತು. ನನಗೆ ವಿಷಯ ತಿಳಿದದ್ದು 19ನೆಯ ದಿನ, ಬೇರೆ ಯಾವುದೋ ಅರ್ಜಿಯ ಝೆರಾಕ್ಸ್ ಮಾಡಿಸಲು ನಿಂತಿದ್ದಾಗ, ಪಕ್ಕದವರ ಕೈಯಲ್ಲಿದ್ದ ಹಾಳೆಯಿಂದ.

ಜೇವರ್ಗಿಯ ನನ್ನ ಗೆಳೆಯನೊಬ್ಬ ಮಾತ್ರ ಹೇಗೋ ಮೊದಲೇ ತಿಳಿದುಕೊಂಡು 12ನೆಯ ದಿನವೇ ಸ್ಪೀಡ್ ಪೋಸ್ಟಿನಲ್ಲಿ ಆಕ್ಷೇಪಣೆ ಕಳುಹಿಸಿದ್ದ. ಅದು ತಲುಪಿದ ದಾಖಲೆ ಅವನಲ್ಲಿ ಇಂದಿಗೂ ಇದೆ. ಆದರೆ ಅಂತಿಮ ಅಧಿಸೂಚನೆಯ ಪೀಠಿಕೆಯಲ್ಲಿ ‘ಯಾವುದೇ ಆಕ್ಷೇಪಣೆ ಅಥವಾ ಸಲಹೆಗಳು ಸ್ವೀಕೃತವಾಗದೇ ಇರುವುದರಿಂದ’ ಎಂದು ಅಚ್ಚಾಗಿತ್ತು. ಅವನ ಪತ್ರ ಟಪಾಲು ವಿಭಾಗದಲ್ಲಿ ಉಳಿಯಿತೋ, ಬೇರೆ ಕಡತಕ್ಕೆ ಸೇರಿತೋ, ನಮಗೆ ಹೇಳುವವರಿಲ್ಲ.

ಅದಾದ ಮೇಲೆ ನಾನು ರಾಜ್ಯಪತ್ರಗಳನ್ನು ತೆರೆದು ಓದಲು ಶುರು ಮಾಡಿದೆ. ಒಂದು ಇಲಾಖೆ 15 ದಿನ ಕೊಡುತ್ತದೆ, ಇನ್ನೊಂದು 30 ದಿನ ಕೊಡುತ್ತದೆ. ಕೆಲವು ನಿಯಮಗಳು ಕರಡೇ ಇಲ್ಲದೆ ನೇರವಾಗಿ ಅಂತಿಮ ರೂಪದಲ್ಲಿ ಬರುತ್ತವೆ. ಇನ್ನು ಕೆಲವು ವಿಷಯಗಳು ನಿಯಮವನ್ನೇ ತಲುಪದೆ ಸುತ್ತೋಲೆಯಲ್ಲಿ ಮುಗಿದುಹೋಗುತ್ತವೆ. ಒಂದೇ ಸರ್ಕಾರದ ಇಲಾಖೆಗಳು ನಿಯಮ ಮಾಡುವ ರೀತಿ ಇಷ್ಟು ಬೇರೆ ಬೇರೆ ಇರುವುದು ಸರಿಯೇ? ಎಲ್ಲ ಇಲಾಖೆಗಳನ್ನೂ ಕಟ್ಟಿಹಾಕುವ ಒಂದು ಸಾಮಾನ್ಯ ಅಧಿನಿಯಮ ಬೇಡವೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ನಿವೃತ್ತ ಶಿರಸ್ತೇದಾರ, ಬೀದರ್

ತಮ್ಮಾ, ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೆ ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ಕರಡು ಪ್ರಕಟಿಸಬೇಕೇ ಬೇಡವೇ ಎಂಬುದನ್ನು ಇಲಾಖೆ ತನ್ನ ಇಷ್ಟದಂತೆ ತೀರ್ಮಾನಿಸುವುದಿಲ್ಲ. ಮೂಲ ಅಧಿನಿಯಮ ತೀರ್ಮಾನಿಸುತ್ತದೆ. ಅಧಿನಿಯಮದಲ್ಲಿ ‘ಪೂರ್ವ ಪ್ರಕಟಣೆಯ ಷರತ್ತಿಗೆ ಒಳಪಟ್ಟು’ ಎಂಬ ಮಾತಿದ್ದರೆ ಕರಡು ಕಡ್ಡಾಯ, ಆ ಮಾತಿಲ್ಲದಿದ್ದರೆ ಕಡ್ಡಾಯವಲ್ಲ. ನಿಮ್ಮ ನೇಮಕಾತಿ ನಿಯಮಗಳು ಕರ್ನಾಟಕ ರಾಜ್ಯ ಸಿವಿಲ್ ಸೇವೆಗಳ ಅಧಿನಿಯಮ, 1978ರ 3ನೆಯ ಪ್ರಕರಣದ (ಸೆಕ್ಷನ್) ಕೆಳಗೆ ಬರುತ್ತವೆ. ಅದರ (2)ನೆಯ ಉಪಪ್ರಕರಣದ (ಎ) ಖಂಡದಂತೆ ಕರಡನ್ನು ‘ಬಾಧಿತರಾಗುವ ಸಂಭವವಿರುವ ವ್ಯಕ್ತಿಗಳ ಮಾಹಿತಿಗಾಗಿ’ ಪ್ರಕಟಿಸಲಾಗುತ್ತದೆ. ಆ 15 ದಿನಗಳ ಅವಧಿ ಈ ಬಗೆಯ ನಿಯಮಗಳಲ್ಲಿ ವಾಡಿಕೆಯಾಗಿ ನಡೆದುಬಂದಿದೆ.

ಕರಡು ಪ್ರಕಟಿಸುವ ವಿಧಾನ ಹೇಗಿರಬೇಕೆಂದು ಕೇಂದ್ರದ ಸಾಮಾನ್ಯ ಖಂಡಗಳ ಅಧಿನಿಯಮ, 1897ರ 23ನೆಯ ಪ್ರಕರಣ ಹೇಳುತ್ತದೆ. ನಮ್ಮ ರಾಜ್ಯದ 1899ರ ಅಧಿನಿಯಮವೂ ಅದೇ ಮಾದರಿಯದು. ಕರಡು ಪ್ರಕಟಿಸಬೇಕು, ಯಾವ ದಿನಾಂಕದ ನಂತರ ಪರಿಶೀಲಿಸಲಾಗುವುದು ಎಂದು ತಿಳಿಸಬೇಕು, ಅಷ್ಟರೊಳಗೆ ಬಂದ ಆಕ್ಷೇಪಣೆಗಳನ್ನು ಪರಿಗಣಿಸಬೇಕು. ಎಷ್ಟು ದಿನ ಕೊಡಬೇಕೆಂದು ಅಲ್ಲಿ ಇಲ್ಲ. ಪರಿಗಣಿಸಿದ್ದಕ್ಕೆ ಕಾರಣ ಬರೆಯಬೇಕೆಂದೂ ಇಲ್ಲ. ಜೊತೆಗೆ ಅದೇ ಪ್ರಕರಣದ 5ನೆಯ ಖಂಡವನ್ನು ಗಮನಿಸಿ: ಪೂರ್ವ ಪ್ರಕಟಣೆಯ ನಂತರ ಮಾಡಿದ್ದು ಎಂದು ಹೇಳಿಕೊಂಡು ನಿಯಮವೊಂದು ರಾಜ್ಯಪತ್ರದಲ್ಲಿ ಅಚ್ಚಾದರೆ, ಅದು ಕ್ರಮಬದ್ಧವಾಗಿಯೇ ಆಗಿದೆ ಎಂಬುದಕ್ಕೆ ಆ ಅಚ್ಚೇ ನಿರ್ಣಾಯಕ ಪುರಾವೆ.

ನಮ್ಮ ಭಾಗದ ಹಳೆಯ ಮಾತೊಂದನ್ನೂ ಹೇಳುತ್ತೇನೆ. ನಿಜಾಮರ ಕಾಲದಲ್ಲಿ ಸರ್ಕಾರಿ ರಾಜ್ಯಪತ್ರಕ್ಕೆ ಜರೀದಾ ಎನ್ನುತ್ತಿದ್ದರು, ಅದು ಉರ್ದುವಿನಲ್ಲಿ ಬರುತ್ತಿತ್ತು. ಓದಬಲ್ಲವರು ಊರಿಗೆ ಒಬ್ಬರೋ ಇಬ್ಬರೋ ಇದ್ದರು. ಆದರೂ ಜಮೀನಿನ ವಿಷಯವಾದರೆ ಚಾವಡಿಯಲ್ಲಿ ನೋಟಿಸು ಅಂಟುತ್ತಿತ್ತು, ಊರಲ್ಲಿ ಡಂಗುರ ಸಾರುತ್ತಿತ್ತು. ಒಬ್ಬ ರೈತನ ನಾಲ್ಕು ಎಕರೆಗೆ ಡಂಗುರ ಬೇಕು ಎಂದು ಒಪ್ಪಿಕೊಂಡ ಆಡಳಿತ, ಆರು ಕೋಟಿ ಜನರಿಗೆ ಅನ್ವಯಿಸುವ ನಿಯಮಕ್ಕೆ ಬೆಂಗಳೂರಿನ ಒಂದು ಪಿಡಿಎಫ್ ಸಾಕು ಎಂದು ತಿಳಿದಿರುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಸ್ಪರ್ಧಾರ್ಥಿ, ಶಹಾಪುರ

ಕಾಕಾ ಅವರೇ, 5ನೆಯ ಖಂಡದ ವಿಷಯ ನನಗೆ ಇಂದೇ ತಿಳಿಯಿತು. ಹಾಗಿದ್ದರೆ ಜೇವರ್ಗಿಯ ಆ ಗೆಳೆಯರ ಬಳಿ ಇರುವ ಅಂಚೆ ದಾಖಲೆಗೆ ಬೆಲೆಯೇ ಇಲ್ಲವೇ?

ಸೇಡಂ ರಸ್ತೆ ವಕೀಲ, ಕಲಬುರಗಿ

ಬೆಲೆ ಇದೆ, ಆದರೆ ಅದನ್ನು ಸಾಬೀತು ಮಾಡುವ ಹೊರೆ ಅವರ ಹೆಗಲ ಮೇಲೆ ಬೀಳುತ್ತದೆ. ಸೇವಾ ವಿಷಯವಾದ್ದರಿಂದ ಆಡಳಿತ ನ್ಯಾಯಮಂಡಳಿಯ ಮುಂದೆ ಹೋಗಬೇಕಾಗುತ್ತದೆ. ಅದರ ಪೀಠ ಈಗ ಕಲಬುರಗಿಯಲ್ಲೇ ಇರುವುದು ನಮ್ಮ ಭಾಗದವರಿಗೆ ದೊಡ್ಡ ಅನುಕೂಲ. ಕಡತವನ್ನು ತರಿಸಿ ನೋಡಿದಾಗ ಆಕ್ಷೇಪಣೆ ಬಂದದ್ದು ಸ್ಪಷ್ಟವಾದರೆ, ಪರಿಗಣಿಸಿಯೇ ಇಲ್ಲ ಎಂಬ ವಾದಕ್ಕೆ ತೂಕ ಬರುತ್ತದೆ.

ಪ್ರಕಟಣೆಯ ಬಗ್ಗೆ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಇಲ್ಲಿ ನೆನೆಯಬೇಕು. 1951ರ ಹರ್ಲಾ ವಿರುದ್ಧ ರಾಜಸ್ಥಾನ ಪ್ರಕರಣದಲ್ಲಿ, ಜೈಪುರ ಸಂಸ್ಥಾನದ ಮಂತ್ರಿಮಂಡಲ ನಿರ್ಣಯವೊಂದರ ಮೂಲಕ ಅಫೀಮು ಕಾನೂನನ್ನು ಮಾಡಿತ್ತು, ಆದರೆ ಅದನ್ನು ಜನರಿಗೆ ಪ್ರಕಟಿಸಿರಲಿಲ್ಲ. ಜನರಿಗೆ ತಿಳಿಯುವ ದಾರಿಯೇ ಇಲ್ಲದ ಕಾನೂನಿನಿಂದ ಯಾರನ್ನೂ ಶಿಕ್ಷಿಸುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಎರಡನೆಯದು ನಮ್ಮದೇ ರಾಜ್ಯದ್ದು, 1987ರ ಬಿ.ಕೆ. ಶ್ರೀನಿವಾಸನ್ ವಿರುದ್ಧ ಕರ್ನಾಟಕ. ಶಾಸನಸಭೆಯಲ್ಲಿ ಹುಟ್ಟುವ ಕಾನೂನು ಎಲ್ಲರ ಕಣ್ಣೆದುರು ಚರ್ಚೆಯಾಗಿ ಹುಟ್ಟುತ್ತದೆ, ಅಧೀನ ಶಾಸನವಾದರೋ (ಅಂದರೆ ಅಧಿನಿಯಮ ಕೊಟ್ಟ ಅಧಿಕಾರದಿಂದ ಸರ್ಕಾರ ಮಾಡುವ ನಿಯಮ) ಸಚಿವರ ಅಥವಾ ಕಾರ್ಯದರ್ಶಿಯ ಕೊಠಡಿಯಲ್ಲಿ ಸದ್ದಿಲ್ಲದೆ ಹುಟ್ಟಬಹುದು, ಹಾಗಾಗಿ ಅದಕ್ಕೆ ಸೂಕ್ತ ಪ್ರಕಟಣೆ ಇಲ್ಲದೆ ಆಗದು ಎಂಬುದು ಆ ತೀರ್ಪಿನ ತಿರುಳು.

ಎರಡೂ ತೀರ್ಪುಗಳು ಮಾತನಾಡುವುದು ಆಗಿಹೋದ ನಿಯಮದ ಪ್ರಕಟಣೆಯ ಬಗ್ಗೆ ಎಂಬುದನ್ನು ಮರೆಯಬೇಡಿ. ಆಗುವ ಮುನ್ನ ನಮ್ಮನ್ನು ಕೇಳಬೇಕು ಎಂಬ ಹಕ್ಕನ್ನು ಅವು ಎಲ್ಲ ಕಡೆಗೂ ಕೊಡುವುದಿಲ್ಲ. ಓದುಗರು ಕೇಳುತ್ತಿರುವ ಸಾಮಾನ್ಯ ಅಧಿನಿಯಮ ಬೇಕಾಗಿರುವುದು ಆ ಜಾಗದಲ್ಲಿ.

ಭೀಮಾತೀರದ ನೌಕರ, ಯಾದಗಿರಿ

ನಾನು ಸರ್ಕಾರಿ ನೌಕರ, ಕಡತದ ಆ ಬದಿಯಲ್ಲಿ ಕುಳಿತವನು. ನಿಮ್ಮ ಮಾತುಗಳನ್ನೆಲ್ಲ ಗೌರವದಿಂದ ಓದಿದೆ, ಆದರೆ ಒಪ್ಪಲಾರೆ.

ಒಂದು ನಿಯಮದ ತಿದ್ದುಪಡಿ ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ. ಇಲಾಖೆಯಿಂದ ಪ್ರಸ್ತಾವ ಹೊರಡಬೇಕು, ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ ಅಭಿಪ್ರಾಯ ಕೊಡಬೇಕು, ಹಣದ ಮಾತಿದ್ದರೆ ಆರ್ಥಿಕ ಇಲಾಖೆ ಒಪ್ಪಬೇಕು, ಕರಡನ್ನು ಕಾನೂನು ಇಲಾಖೆ ತಿದ್ದಬೇಕು, ಕರಡು ಪ್ರಕಟವಾಗಬೇಕು, ಅವಧಿ ಮುಗಿದ ಮೇಲೆ ಮತ್ತೆ ಅಷ್ಟೇ ಮೇಜುಗಳನ್ನು ಸುತ್ತಿ ಅಂತಿಮವಾಗಬೇಕು. ಇಷ್ಟರ ನಡುವೆ ಹುದ್ದೆಗಳು ಖಾಲಿ ಬಿದ್ದಿರುತ್ತವೆ, ಮತ್ತು ಖಾಲಿ ಹುದ್ದೆಯ ನೋವು ಹೆಚ್ಚು ಕಾಡುವುದು ನಮ್ಮ ಜಿಲ್ಲೆಗಳನ್ನೇ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ನಮ್ಮ ವಿಭಾಗದವೇ ಆಗಿದ್ದವು. ಈಗ ಅದರ ಮೇಲೆ ಇನ್ನೊಂದು ಅಧಿನಿಯಮ ತಂದು, ಪ್ರತಿ ಆಕ್ಷೇಪಣೆಗೂ ಲಿಖಿತ ಉತ್ತರ ಕೊಡಿ ಎಂದರೆ, ಉತ್ತರದಲ್ಲಿನ ಒಂದು ಪದವನ್ನು ಹಿಡಿದು ತಡೆಯಾಜ್ಞೆ ತರುವವರು ಹೆಚ್ಚುತ್ತಾರೆ. ನೇಮಕಾತಿ ಐದು ವರ್ಷ ನಿಲ್ಲುತ್ತದೆ, ವಯೋಮಿತಿ ಮೀರುವವರು ಓದುಗರಂಥವರೇ.

ಪ್ರವಾಹ ಬಂದಾಗ, ಸಾಂಕ್ರಾಮಿಕ ಹರಡಿದಾಗ 30 ದಿನ ಕಾಯಲು ಸಾಧ್ಯವೇ? ಭೀಮಾ ನದಿ ತುಂಬಿ ಹರಿದಾಗ ಏನಾಗುತ್ತದೆ ಎಂಬುದನ್ನು ದಂಡೆಯಲ್ಲಿರುವ ನಾವು ಕಣ್ಣಾರೆ ಕಂಡಿದ್ದೇವೆ.

ಸಾರ್ವಜನಿಕ ಆಡಳಿತ ವಿದ್ಯಾರ್ಥಿನಿ, ಕಲಬುರಗಿ

ನೌಕರ ಅಣ್ಣನವರೇ, ತುರ್ತಿನ ಪ್ರಶ್ನೆಗೆ ಬೇರೆ ದೇಶದಲ್ಲಿ ಉತ್ತರ ಸಿಕ್ಕಿದೆ. ಅಮೆರಿಕದಲ್ಲಿ 1946ರಲ್ಲೇ ಆಡಳಿತ ಕಾರ್ಯವಿಧಾನ ಕಾಯಿದೆ ಬಂದಿತು. ಕೇಂದ್ರ ಸರ್ಕಾರದ ಸಂಸ್ಥೆಗಳು ನಿಯಮದ ಪ್ರಸ್ತಾವವನ್ನು ಪ್ರಕಟಿಸಬೇಕು, ಜನರಿಂದ ಅಭಿಪ್ರಾಯ ಪಡೆಯಬೇಕು, ಅಂತಿಮ ನಿಯಮದ ಜೊತೆಗೆ ಅದರ ಆಧಾರ ಮತ್ತು ಉದ್ದೇಶವನ್ನು ಸಂಕ್ಷಿಪ್ತವಾಗಿ ಬರೆಯಬೇಕು, ಸಾಮಾನ್ಯವಾಗಿ ಜಾರಿಗೆ 30 ದಿನ ಮೊದಲೇ ಪ್ರಕಟಿಸಬೇಕು ಎಂಬುದು ಅದರ ಚೌಕಟ್ಟು. ಸೂಕ್ತ ಕಾರಣವಿದ್ದರೆ ಈ ಹಂತಗಳನ್ನು ಬಿಡಬಹುದು, ಆದರೆ ಬಿಟ್ಟದ್ದಕ್ಕೆ ಕಾರಣವನ್ನು ನಿಯಮದೊಂದಿಗೇ ಅಚ್ಚು ಹಾಕಬೇಕು. ಭೀಮೆಗೆ ಪ್ರವಾಹ ಬಂದಾಗ ಯಾರೂ 30 ದಿನ ಕಾಯಿರಿ ಎನ್ನುವುದಿಲ್ಲ, ಏಕೆ ಕಾಯಲಿಲ್ಲ ಎಂದು ಎರಡು ಸಾಲು ಬರೆಯಿರಿ ಎನ್ನುತ್ತಾರೆ.

ರಾಜ್ಯಗಳ ಮಟ್ಟದ ಕಥೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿಯೂ ಒಂದೊಂದು ರಾಜ್ಯದ ಒಂದೊಂದು ಇಲಾಖೆ ತನ್ನದೇ ರೀತಿಯಲ್ಲಿ ನಿಯಮ ಮಾಡುತ್ತಿದ್ದುದರಿಂದ, ರಾಜ್ಯಗಳು ಅಳವಡಿಸಿಕೊಳ್ಳಬಹುದಾದ ಒಂದು ಮಾದರಿ ಕಾಯಿದೆಯನ್ನು 1946ರಲ್ಲಿ ರೂಪಿಸಿ, 1961, 1981 ಮತ್ತು 2010ರಲ್ಲಿ ಪರಿಷ್ಕರಿಸಲಾಯಿತು. ಕ್ಯಾಲಿಫೋರ್ನಿಯಾದಲ್ಲಿ 1980ರಿಂದ ಒಂದು ಪ್ರತ್ಯೇಕ ಕಛೇರಿಯೇ ಇದೆ. ಇಲಾಖೆಗಳ ನಿಯಮಗಳನ್ನು ಅದು ಪರಿಶೀಲಿಸಿ, ಅಧಿಕಾರವಿಲ್ಲದೆ ಮಾಡಿದ್ದನ್ನೂ ಅಗತ್ಯವಿಲ್ಲದ್ದನ್ನೂ ಹಿಂದಕ್ಕೆ ಕಳುಹಿಸುತ್ತದೆ. ಅದರ ಆರು ಅಳತೆಗೋಲುಗಳಲ್ಲಿ ಸ್ಪಷ್ಟತೆಯೂ ಒಂದು. ನಿಯಮಕ್ಕೆ ಒಳಪಡುವ ಜನರಿಗೆ ಸುಲಭವಾಗಿ ಅರ್ಥವಾಗದಿದ್ದರೆ ಅಷ್ಟೇ ಕಾರಣಕ್ಕೆ ಅದನ್ನು ತಿರಸ್ಕರಿಸಬಹುದು ಎಂದು ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಬಹಳ ಹೊತ್ತು ಕುಳಿತಿದ್ದೆ.

ನಮ್ಮ ಸುಪ್ರೀಂ ಕೋರ್ಟೂ ಇದನ್ನು ಹೇಳಿದೆ. ಮೊಬೈಲ್ ಕರೆ ಕಡಿತವಾದರೆ ಗ್ರಾಹಕನಿಗೆ ಕರೆಗೆ 1 ರೂಪಾಯಿಯಂತೆ ದಿನಕ್ಕೆ 3 ಕರೆಗಳವರೆಗೆ ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಮಾಡಿದ್ದ ನಿಯಮವನ್ನು 2016ರಲ್ಲಿ ರದ್ದುಪಡಿಸಿದಾಗ, ಅಧೀನ ಶಾಸನ ರಚಿಸುವಾಗ ಜನರ ಅಭಿಪ್ರಾಯ ಪಡೆದು ಕಾರಣ ಸಹಿತ ಉತ್ತರಿಸುವಂತೆ, ಅಮೆರಿಕದ ಆ ಕಾಯಿದೆಯ ಮಾದರಿಯಲ್ಲಿ ಸಂಸತ್ತು ಕಾನೂನು ಮಾಡುವುದು ಒಳ್ಳೆಯದು ಎಂದು ನ್ಯಾಯಾಲಯ ಬರೆಯಿತು.

ಭೀಮಾತೀರದ ನೌಕರ, ಯಾದಗಿರಿ

ತಂಗಿ, ನೀವು ಚೆನ್ನಾಗಿ ಓದಿಕೊಂಡಿದ್ದೀರಿ. ಆದರೆ ಆ ದೇಶದ ಕಛೇರಿಯಲ್ಲಿರುವ ಸಿಬ್ಬಂದಿಯೂ ನಮ್ಮ ತಾಲ್ಲೂಕು ಕಛೇರಿಯ ಒಬ್ಬ ವಿಷಯ ನಿರ್ವಾಹಕನೂ ಒಂದೇ ಅಲ್ಲ. ನನ್ನ ಮೇಜಿನ ಮೇಲೆ ಮೂರು ಹುದ್ದೆಗಳ ಪ್ರಭಾರ ಇದೆ.

ಔರಾದ್ ಶಿಕ್ಷಕಿ, ಬೀದರ್ ಜಿಲ್ಲೆ

ಸ್ಪಷ್ಟತೆಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಮ್ಮ ತಾಲ್ಲೂಕಿನಲ್ಲಿ ಮನೆಯಲ್ಲಿ ಮರಾಠಿ, ಪೇಟೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ. ಹದಿನೈದು ವರ್ಷ ಕನ್ನಡ ಕಲಿಸಿದ ನಾನೇ ಒಂದು ಕರಡನ್ನು ಮೂರು ಸಲ ಓದಿದರೂ ಯಾವ ಪದ ಯಾವುದಕ್ಕೆ ಅಂಟಿಕೊಂಡಿದೆ ಎಂದು ತಿಳಿಯದೆ ಕೊನೆಗೆ ಇಂಗ್ಲಿಷ್ ಪ್ರತಿ ಹುಡುಕಿದ್ದೇನೆ. ‘ನಿಯಮ 4ರ ಉಪನಿಯಮ (2)ರಲ್ಲಿ “ಅಥವಾ” ಎಂಬ ಪದಕ್ಕೆ ಬದಲಾಗಿ “ಮತ್ತು” ಎಂಬ ಪದವನ್ನು ಪ್ರತಿಸ್ಥಾಪಿಸತಕ್ಕದ್ದು’ ಎಂದಷ್ಟೇ ಅಚ್ಚಾದರೆ, ಹಳೆಯ ನಿಯಮವನ್ನು ಪಕ್ಕದಲ್ಲಿಟ್ಟುಕೊಳ್ಳದವರಿಗೆ ಅದು ಏನನ್ನೂ ಹೇಳುವುದಿಲ್ಲ. ಆ ಒಂದು ‘ಮತ್ತು’ ಎಷ್ಟು ಜನರ ಅರ್ಹತೆಯನ್ನು ಕಿತ್ತುಕೊಳ್ಳುತ್ತದೆ ಎಂಬುದು ನನಗೆ ಗೊತ್ತು. ಹಳೆಯದು, ಹೊಸದು ಎಂದು ಎರಡು ಕಾಲಂ ಮಾಡಿ ತೋರಿಸುವುದಕ್ಕೆ ಹೊಸ ಹುದ್ದೆ ಬೇಕಿಲ್ಲ, ನೌಕರ ಸರ್.

ಇನ್ನೂ ಒಂದು ಮಾತಿದೆ. ಹಳೆಯ ರಾಜ್ಯಪತ್ರಗಳು ಸ್ಕ್ಯಾನ್ ಮಾಡಿದ ಚಿತ್ರಗಳಾಗಿರುತ್ತವೆ ಅಥವಾ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಇರುತ್ತವೆ, ಹುಡುಕಿದರೆ ಪದ ಸಿಗುವುದಿಲ್ಲ. ಸಂವಿಧಾನದ 348ನೆಯ ಅನುಚ್ಛೇದದಂತೆ, ರಾಜ್ಯ ತನ್ನ ಭಾಷೆಯಲ್ಲಿ ನಿಯಮ ಮಾಡಿದರೂ ರಾಜ್ಯಪಾಲರ ಅಧಿಕಾರದ ಮೇರೆಗೆ ಪ್ರಕಟವಾಗುವ ಇಂಗ್ಲಿಷ್ ಅನುವಾದವೇ ಅಧಿಕೃತ ಪಾಠವೆನಿಸುತ್ತದೆ. ಕನ್ನಡ ಪ್ರತಿಯನ್ನು ನಂಬಿ ಆಕ್ಷೇಪಣೆ ಬರೆದವನಿಗೆ ಮುಂದೆ ಇಂಗ್ಲಿಷ್ ಪ್ರತಿಯನ್ನು ತೋರಿಸಿದರೆ ಅವನು ಎಲ್ಲಿಗೆ ಹೋಗಬೇಕು? ಆದ್ದರಿಂದ ಎರಡೂ ಪ್ರತಿಗಳು ಒಂದೇ ದಿನ, ಹುಡುಕಬಹುದಾದ ಅಕ್ಷರಗಳಲ್ಲಿ ಬರಬೇಕೆಂಬ ಮಾತು ಆ ಅಧಿನಿಯಮದಲ್ಲಿ ಇರಲೇಬೇಕು.

ಫರಸಿಕಲ್ಲು, ಶಹಾಬಾದ್

ಅಕ್ಕೋರು ಹೇಳಿದ ಎರಡು ಕಾಲಂನ ಮಾತು ನೂರಕ್ಕೆ ನೂರು ಸರಿಯಾಗಿದೆ.

ನಮ್ಮದು ಕಲ್ಲಿನ ಕೆಲಸ. ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳು, 1994 ನಮ್ಮ ಹೊಟ್ಟೆಯ ನಿಯಮಗಳು; ಗಣಿ ಪರವಾನಗಿಯಿಂದ ಹಿಡಿದು ರಾಜಧನದವರೆಗೆ (ರಾಯಲ್ಟಿ) ಎಲ್ಲವೂ ಅಲ್ಲಿಂದಲೇ ನಡೆಯುತ್ತದೆ. 1994ರಿಂದ ಎಷ್ಟು ತಿದ್ದುಪಡಿಗಳು ಬಂದಿವೆ ಎಂದರೆ, ಎಲ್ಲವನ್ನೂ ಸೇರಿಸಿಕೊಂಡ ಇಂದಿನ ಪಾಠ ಯಾವುದು ಎಂದು ಹೇಳಲು ಗುತ್ತಿಗೆದಾರರು ವಕೀಲರ ಬಳಿ ಹೋಗುತ್ತಾರೆ. ಆದರೆ ಈ ನಿಯಮಗಳ ತಾಯಿ ಕಾಯಿದೆಯಲ್ಲಿ, ಅಂದರೆ ಕೇಂದ್ರದ 1957ರ ಗಣಿ ಮತ್ತು ಖನಿಜಗಳ ಅಧಿನಿಯಮದ 15ನೆಯ ಪ್ರಕರಣದಲ್ಲಿ, ಒಂದು ಒಳ್ಳೆಯ ಬೇಲಿ ಇದೆ. ಯಾವುದೇ ಉಪಖನಿಜದ ರಾಜಧನವನ್ನು ರಾಜ್ಯ ಸರ್ಕಾರ ಮೂರು ವರ್ಷಗಳ ಅವಧಿಯಲ್ಲಿ ಒಂದಕ್ಕಿಂತ ಹೆಚ್ಚು ಸಲ ಏರಿಸುವಂತಿಲ್ಲ. ಆ ಒಂದು ಸಾಲು ಇರುವುದರಿಂದ ನಾವು ಮುಂದಿನ ಲೆಕ್ಕ ಹಾಕಿಕೊಂಡು ಕೂಲಿ ಮಾತನಾಡಬಹುದು. ನಿಯಮ ಮಾಡುವವರ ಕೈಗೆ ಮೊದಲೇ ಅಳತೆ ಕೊಟ್ಟರೆ ಕೆಲಸ ನಿಲ್ಲುವುದಿಲ್ಲ ಎಂಬುದಕ್ಕೆ ಇದನ್ನು ಹೇಳಿದೆ.

ಸ್ಪರ್ಧಾರ್ಥಿ, ಶಹಾಪುರ

ನಮಗೆ ಕಾಡುವುದು ನಿಯಮಕ್ಕಿಂತ ಸುತ್ತೋಲೆ. ಸಂವಿಧಾನದ 371(ಜೆ) ಅನುಚ್ಛೇದದ ಅಡಿಯಲ್ಲಿ ಬಂದ 2013ರ ಆದೇಶ, ನಮ್ಮ ಭಾಗದವರಿಗೆ ಮೀಸಲಾತಿ ಗ್ರೂಪ್ ಸಿ ಸ್ಥಳೀಯ ಹುದ್ದೆಗಳಲ್ಲಿ ಶೇಕಡಾ 80, ಗ್ರೂಪ್ ಡಿ ಹುದ್ದೆಗಳಲ್ಲಿ ಶೇಕಡಾ 85, ರಾಜ್ಯಮಟ್ಟದ ಕಛೇರಿಗಳಲ್ಲಿ ಶೇಕಡಾ 8 ಎಂದು ಸ್ಪಷ್ಟವಾಗಿ ಹೇಳುತ್ತದೆ. ಆದರೆ ನಮ್ಮ ಭಾಗದ ಅಭ್ಯರ್ಥಿಯನ್ನು ಮೊದಲು ಯಾವ ಪಟ್ಟಿಯಲ್ಲಿ ಪರಿಗಣಿಸಬೇಕು, ಆ ನಂತರ ಯಾವ ಪಟ್ಟಿಯಲ್ಲಿ ಎಂಬ ಕ್ರಮವನ್ನು ವಿವರಿಸುವುದು ಸುತ್ತೋಲೆ. ಆ ಕ್ರಮ ತಿರುಗಿದರೆ ಆಯ್ಕೆಯಾಗುವ ಹೆಸರುಗಳೇ ತಿರುಗುತ್ತವೆ. ಸುತ್ತೋಲೆಗೆ ಕರಡು ಇಲ್ಲ, 15 ದಿನವೂ ಇಲ್ಲ. ಅಂದ ಮೇಲೆ ಬರೀ ನಿಯಮಗಳಿಗೆ ಕಾನೂನು ತಂದರೆ ಇಲಾಖೆಗಳು ಎಲ್ಲವನ್ನೂ ಸುತ್ತೋಲೆಗೆ ಸಾಗಿಸುವುದಿಲ್ಲವೇ?

ಅರ್ಹತಾ ಪ್ರಮಾಣಪತ್ರದ ವಿಷಯವಾಗಿಯೂ ನನಗೆ ಒಂದು ಪ್ರಶ್ನೆ ಇದೆ. ತಾಯಿ ನಮ್ಮ ಜಿಲ್ಲೆಯವರಾಗಿದ್ದು ತಂದೆ ಹೊರಗಿನವರಾಗಿದ್ದರೆ ಯಾವ ದಾಖಲೆಗಳನ್ನು ಕೊಡಬೇಕು?

ನಿವೃತ್ತ ಶಿರಸ್ತೇದಾರ, ಬೀದರ್

ಪ್ರಮಾಣಪತ್ರದ ಪ್ರಶ್ನೆಗೆ ಬೇರೆ ಎಳೆ ತೆರೆಯಿರಿ ತಮ್ಮಾ, ಅಲ್ಲಿ ಬಂದು ಉತ್ತರಿಸುತ್ತೇನೆ. ಇಲ್ಲಿ ಈ ಚರ್ಚೆಯೇ ಮುಂದುವರಿಯಲಿ.

ಸೇಡಂ ರಸ್ತೆ ವಕೀಲ, ಕಲಬುರಗಿ

ಸುತ್ತೋಲೆಯ ಪ್ರಶ್ನೆ ಬಹಳ ಮುಖ್ಯವಾದದ್ದು. ಸುತ್ತೋಲೆ ನಿಯಮವನ್ನು ಮೀರುವಂತಿಲ್ಲ, ನಿಯಮ ಅಧಿನಿಯಮವನ್ನು ಮೀರುವಂತಿಲ್ಲ. ನಿಯಮ ಮೌನವಾಗಿರುವ ಜಾಗವನ್ನು ಮಾತ್ರ ಕಾರ್ಯಾಂಗದ ಸೂಚನೆ ತುಂಬಬಹುದು ಎಂಬುದು ನೆಲೆಗೊಂಡ ತತ್ವ. ತೊಂದರೆ ಏನೆಂದರೆ ನಮ್ಮ ನಿಯಮಗಳು ಮೌನವಾಗಿರುವ ಜಾಗಗಳೇ ಬಹಳ. ಆದ್ದರಿಂದ ಹೊಸ ಅಧಿನಿಯಮದಲ್ಲಿ ದಾಖಲೆಯ ಹೆಸರು ಏನೇ ಇರಲಿ, ಜನರ ಹಕ್ಕನ್ನೋ ಹೊಣೆಯನ್ನೋ ಬದಲಿಸುವ ಪ್ರತಿಯೊಂದು ಸಾಮಾನ್ಯ ಸೂಚನೆಗೂ ಕರಡು ಬೇಕು ಎಂಬ ವ್ಯಾಖ್ಯೆ ಇರಬೇಕು.

ಶಾಸನಸಭೆಯ ಮುಂದೆ ಇಡಲಾಗುತ್ತದೆಯಲ್ಲ ಎಂದು ಯಾರಾದರೂ ಹೇಳಬಹುದು, ಅದಕ್ಕೆ ಮೊದಲೇ ಉತ್ತರಿಸುತ್ತೇನೆ. ಬಹುತೇಕ ಅಧಿನಿಯಮಗಳಲ್ಲಿ ನಿಯಮಗಳನ್ನು ಎರಡೂ ಸದನಗಳ ಮುಂದೆ 30 ದಿನ ಇಡಬೇಕೆಂಬ ಪ್ರಕರಣ ಇರುತ್ತದೆ. ಆದರೆ 1979ರ ಅಟ್ಲಾಸ್ ಸೈಕಲ್ ವಿರುದ್ಧ ಹರಿಯಾಣ ಪ್ರಕರಣದಲ್ಲಿ, ಬರೀ ಮಂಡಿಸಬೇಕು ಎಂದಷ್ಟೇ ಇರುವ ಷರತ್ತು ನಿರ್ದೇಶನಾತ್ಮಕ, ಮಂಡಿಸದ ಮಾತ್ರಕ್ಕೆ ಆದೇಶ ಬಿದ್ದುಹೋಗದು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಅಧೀನ ಶಾಸನ ಸಮಿತಿಯ ಕೆಲಸವನ್ನು ನಾನು ಗೌರವಿಸುತ್ತೇನೆ, ಆದರೆ ಅದು ನೋಡುವುದು ನಿಯಮ ಜಾರಿಗೆ ಬಂದ ಮೇಲೆ.

ಗಂಜ್ ದಾಲ್‌ಮಿಲ್, ಕಲಬುರಗಿ

ನಾನು ಓದಿದ್ದು ಕಡಿಮೆ, ತೊಗರಿ ವ್ಯಾಪಾರ ಮಾಡುವ ಹೆಣ್ಣುಮಗಳು. ಅಮೆರಿಕ, ಕ್ಯಾಲಿಫೋರ್ನಿಯಾ ಎಂದೆಲ್ಲ ಬರೆದಿದ್ದೀರಿ. ನೀವು ಕೇಳುತ್ತಿರುವುದು ಇದೇ ಕಲಬುರಗಿಯಲ್ಲಿ ನಡೆಯುವುದನ್ನು ನಾನು ನೋಡಿದ್ದೇನೆ, ಅದನ್ನು ಹೇಳುತ್ತೇನೆ.

ನಮ್ಮ ಭಾಗಕ್ಕೆ ವಿದ್ಯುತ್ ಪೂರೈಸುವ ಕಂಪನಿಯಾದ ಜೆಸ್ಕಾಂ ದರ ಏರಿಸಬೇಕಾದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಅರ್ಜಿ ಹಾಕಬೇಕು. ಆ ಅರ್ಜಿಯ ಸಾರಾಂಶ ಪತ್ರಿಕೆಯಲ್ಲಿ ಬರುತ್ತದೆ, ಆಕ್ಷೇಪಣೆ ಕರೆಯುತ್ತಾರೆ, ಆಯೋಗದವರು ಕಲಬುರಗಿಗೇ ಬಂದು ಸಾರ್ವಜನಿಕ ವಿಚಾರಣೆ ನಡೆಸುತ್ತಾರೆ. ಕೆಲವು ವರ್ಷಗಳ ಹಿಂದೆ ನಮ್ಮ ಓಣಿಯ ಮಿಲ್ಲಿನವರೆಲ್ಲ ಸೇರಿ ನಿಗದಿತ ಶುಲ್ಕದ ವಿರುದ್ಧ ಒಂದು ಪತ್ರ ಬರೆದೆವು. ದಾಲ್‌ಮಿಲ್ಲುಗಳು ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಪೂರ್ತಿ ಓಡುತ್ತವೆ, ನಿಂತಿರುವ ಯಂತ್ರಕ್ಕೂ ಅದೇ ಶುಲ್ಕ ಏಕೆ ಎಂಬುದು ನಮ್ಮ ಪ್ರಶ್ನೆ. ವಿಚಾರಣೆಯ ದಿನ ನನಗೂ ಮೈಕ್ ಕೊಟ್ಟರು. ಕೈ ನಡುಗುತ್ತಿತ್ತು, ಆದರೂ ಮಾತನಾಡಿದೆ.

ನಾವು ಕೇಳಿದ್ದು ಸಿಗಲಿಲ್ಲ. ಆದರೆ ಆದೇಶ ಹೊರಬಂದಾಗ ನನ್ನ ಮಗ ಅದನ್ನು ತೆರೆದು ತೋರಿಸಿದ. ಆಕ್ಷೇಪಣೆ ಏನು, ಅದಕ್ಕೆ ಜೆಸ್ಕಾಂ ಕೊಟ್ಟ ಉತ್ತರ ಏನು, ಆಯೋಗದ ಅಭಿಪ್ರಾಯ ಏನು ಎಂದು ಒಂದರ ಕೆಳಗೊಂದು ಅಚ್ಚಾಗಿತ್ತು. ನಾವು ಎತ್ತಿದ ಮಾತು ಅಲ್ಲಿತ್ತು. ಏಕೆ ಕೊಡಲಾಗದು ಎಂಬುದೂ ಇತ್ತು. ಮುಂದಿನ ಸಲ ಯಾವ ಲೆಕ್ಕ ತೆಗೆದುಕೊಂಡು ಹೋಗಬೇಕು ಎಂಬುದು ಆ ಉತ್ತರದಿಂದಲೇ ನಮಗೆ ಗೊತ್ತಾಯಿತು. ಸೋತರೂ ನಾನು ಅವತ್ತು ಸಮಾಧಾನದಿಂದ ಮಲಗಿದೆ.

ಬ್ರಹ್ಮಪುರ ಓದುಗ, ಕಲಬುರಗಿ

ಅಕ್ಕಾ, ನನಗೆ ಬೇಕಾಗಿದ್ದದ್ದೂ ಅಷ್ಟೇ ಆಗಿತ್ತು. ಪದವಿಯೇ ಬೇಕೆಂದು ನಿರ್ಧರಿಸಿದ್ದಕ್ಕೆ ಒಂದು ಕಾರಣ ಬರೆದಿದ್ದರೆ, ಅದು ನನಗೆ ವಿರುದ್ಧವಾಗಿದ್ದರೂ, ನಾನು ಒಪ್ಪಿಕೊಂಡು ಪದವಿಗೆ ಸೇರಿಕೊಳ್ಳುತ್ತಿದ್ದೆ.

ಭೀಮಾತೀರದ ನೌಕರ, ಯಾದಗಿರಿ

ಅಮ್ಮನವರ ಬರಹ ಓದಿ ನಾನು ನಿನ್ನೆಯಿಂದ ಯೋಚಿಸುತ್ತಿದ್ದೇನೆ. ಆದರೂ ಒಂದು ವ್ಯತ್ಯಾಸವನ್ನು ಹೇಳದಿದ್ದರೆ ತಪ್ಪಾಗುತ್ತದೆ. ದರ ನಿಗದಿ ಮಾಡುವಾಗ ಆಯೋಗ ನ್ಯಾಯಾಲಯದಂತೆ ಎರಡು ಪಕ್ಷಗಳನ್ನು ಕೇಳುತ್ತದೆ. ಅರ್ಜಿ ಹಾಕುವವರು ಜೆಸ್ಕಾಂನವರು, ತೀರ್ಪು ಕೊಡುವವರು ಬೇರೆಯವರು. ಇಲಾಖೆಯಲ್ಲಿ ಪ್ರಸ್ತಾವ ಇಡುವವರೂ ಆಕ್ಷೇಪಣೆ ತೀರ್ಮಾನಿಸುವವರೂ ಒಬ್ಬರೇ. ಆ ವ್ಯವಸ್ಥೆಯನ್ನು ಹಾಗೆಯೇ ತಂದು ಇಲ್ಲಿ ಕೂರಿಸಲಾಗದು.

ಸಾರ್ವಜನಿಕ ಆಡಳಿತ ವಿದ್ಯಾರ್ಥಿನಿ, ಕಲಬುರಗಿ

ವ್ಯತ್ಯಾಸ ನಿಜ, ಅಣ್ಣ. ಆದರೆ ಅದೇ ಆಯೋಗ ದರವಲ್ಲದ ವಿನಿಯಮಗಳನ್ನು ಮಾಡುವಾಗಲೂ ಪೂರ್ವ ಪ್ರಕಟಣೆ ತಪ್ಪುವುದಿಲ್ಲ. ವಿದ್ಯುಚ್ಛಕ್ತಿ ಅಧಿನಿಯಮ, 2003ರ 181ನೆಯ ಪ್ರಕರಣದ (3)ನೆಯ ಉಪಪ್ರಕರಣ ಎಲ್ಲ ವಿನಿಯಮಗಳಿಗೂ ಆ ಷರತ್ತನ್ನು ಒಂದೇ ಸಾಲಿನಲ್ಲಿ ಹಾಕಿದೆ. ರಾಜ್ಯದ ಒಂದು ಸಾಮಾನ್ಯ ಅಧಿನಿಯಮಕ್ಕೂ ಅಂಥ ಒಂದು ಸಾಲು ಸಾಕು, ಅದರ ಜೊತೆಗೆ ದಿನಗಳ ಕನಿಷ್ಠ ಮಿತಿ ಮತ್ತು ಉತ್ತರದ ಹೊಣೆ. ಹತ್ತು ಜನ ಒಂದೇ ಮಾತು ಬರೆದಿದ್ದರೆ ಹತ್ತು ಉತ್ತರ ಬೇಡ, ವಿಷಯವಾರು ಒಟ್ಟುಗೂಡಿಸಿ ಒಂದು ಉತ್ತರ ಸಾಕು. ಪ್ರಸ್ತಾವ ಇಟ್ಟವರೇ ತೀರ್ಮಾನಿಸುವವರಾಗಿದ್ದರೆ ಕಾರಣ ಬರೆಯುವ ಅಗತ್ಯ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಮಾಹಿತಿ ಹಕ್ಕು ಅಧಿನಿಯಮ, 2005ರ 4(1)(ಸಿ) ಮತ್ತು 4(1)(ಡಿ) ಖಂಡಗಳನ್ನೂ ನೋಡಿ. ಜನರನ್ನು ಬಾಧಿಸುವ ಮುಖ್ಯ ನೀತಿ ರೂಪಿಸುವಾಗ ಸಂಬಂಧಪಟ್ಟ ಎಲ್ಲ ಸಂಗತಿಗಳನ್ನು ಪ್ರಕಟಿಸಬೇಕು, ಬಾಧಿತರಿಗೆ ಆಡಳಿತಾತ್ಮಕ ತೀರ್ಮಾನಗಳ ಕಾರಣ ತಿಳಿಸಬೇಕು ಎಂದು ಅಲ್ಲಿ ಈಗಾಗಲೇ ಇದೆ.

ಭೀಮಾತೀರದ ನೌಕರ, ಯಾದಗಿರಿ

ವಿಷಯವಾರು ಒಂದೇ ಉತ್ತರ ಎಂದಾದರೆ ನನ್ನ ಅರ್ಧ ತಕರಾರು ಬಿಡುತ್ತೇನೆ. ಕಡತದ ಟಿಪ್ಪಣಿ ಹಾಳೆಯಲ್ಲಿ ನಾವು ಹೇಗಿದ್ದರೂ ಆಕ್ಷೇಪಣೆಗಳ ಪಟ್ಟಿ ಮಾಡಿ ಷರಾ ಬರೆಯುತ್ತೇವೆ. ಅದೇ ಹಾಳೆಯನ್ನು ಅಂತಿಮ ಅಧಿಸೂಚನೆಯ ಅನುಬಂಧವಾಗಿ ಹಾಕಿದರೆ ಹೊಸ ಕೆಲಸವೇನೂ ಬೀಳುವುದಿಲ್ಲ. ತಡೆಯಾಜ್ಞೆಯ ಭಯ ಮಾತ್ರ ನನಗೆ ಹೋಗಿಲ್ಲ. ಆಕ್ಷೇಪಣೆ ಮುಟ್ಟಿದ ದಿನವೇ ಸಕಾಲ ಅರ್ಜಿಗೆ ಕೊಡುವಂತೆ ಒಂದು ಸಂಖ್ಯೆ ಕೊಟ್ಟರೆ, ಬಂದಿಲ್ಲ ಎನ್ನುವ ಪ್ರಶ್ನೆ ಏಳುವುದಿಲ್ಲ ಎಂಬುದನ್ನು ನನ್ನ ಕಡೆಯಿಂದ ಸೇರಿಸುತ್ತೇನೆ.

ಔರಾದ್ ಶಿಕ್ಷಕಿ, ಬೀದರ್ ಜಿಲ್ಲೆ

ಮತ್ತು ಕರಡಿನ ಒಂದು ಪ್ರತಿ ಪ್ರತಿ ಗ್ರಾಮ ಪಂಚಾಯಿತಿಯ ಫಲಕಕ್ಕೂ ತಾಲ್ಲೂಕು ಗ್ರಂಥಾಲಯಕ್ಕೂ ಬರಬೇಕು. ಬೆಂಗಳೂರಿನಿಂದ ನಮ್ಮೂರಿಗೆ ಸುಮಾರು 700 ಕಿಲೋಮೀಟರ್ ಇದೆ.

ಬ್ರಹ್ಮಪುರ ಓದುಗ, ಕಲಬುರಗಿ

ಎಲ್ಲರಿಗೂ ಕೃತಜ್ಞತೆಗಳು. ನನ್ನ ಇಲಾಖೆಯಲ್ಲೇ ಇನ್ನೊಂದು ವೃಂದಕ್ಕೆ ಸಂಬಂಧಿಸಿದ ಕರಡು ಮೊನ್ನೆ ಪ್ರಕಟವಾಗಿದೆ, ಈ ಬಾರಿ ಇನ್ನೂ ಒಂಬತ್ತು ದಿನಗಳು ಉಳಿದಿವೆ. ಹೊರಗುತ್ತಿಗೆಯ ಸೇವಾ ಅನುಭವಕ್ಕೆ ಅಂಕ ಕೊಡಬೇಕೆಂದು ಎರಡು ಪುಟದ ಆಕ್ಷೇಪಣೆ ಬರೆದಿದ್ದೇನೆ. ಕೊನೆಯ ಪ್ಯಾರಾ ಹೀಗಿದೆ: ‘ಸದರಿ ಆಕ್ಷೇಪಣೆಯನ್ನು ಪರಿಗಣಿಸಿ, ಒಪ್ಪಿದ್ದಲ್ಲಿ ಅಥವಾ ತಿರಸ್ಕರಿಸಿದ್ದಲ್ಲಿ ಅದರ ಕಾರಣವನ್ನು ಅಂತಿಮ ಅಧಿಸೂಚನೆಯಲ್ಲಿ ನಮೂದಿಸಬೇಕೆಂದು ಕೋರುತ್ತೇನೆ.’ ಇದು ಸರಿಯಿದೆಯೇ?

ನಿವೃತ್ತ ಶಿರಸ್ತೇದಾರ, ಬೀದರ್

ಸರಿಯಿದೆ. ಮೇಲ್ಭಾಗದಲ್ಲಿ ಕರಡು ಅಧಿಸೂಚನೆಯ ಸಂಖ್ಯೆ, ದಿನಾಂಕ ಮತ್ತು ಪ್ರಕರಣ 3(2)(ಎ) ಎಂದು ನಮೂದಿಸಿ. ಒಂದು ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ, ಇನ್ನೊಂದನ್ನು ಇ-ಮೇಲಿನಲ್ಲಿ ಕಳುಹಿಸಿ. ಬೆಂಗಳೂರಿಗೆ ಹೋಗುವವರು ಯಾರಾದರೂ ಇದ್ದರೆ ಮೂರನೆಯ ಪ್ರತಿಯನ್ನು ಅವರ ಕೈಯಲ್ಲಿ ಕೊಟ್ಟು ಟಪಾಲು ವಿಭಾಗದಲ್ಲಿ ಆವಕ ಸಂಖ್ಯೆ ಬರೆಸಿಕೊಳ್ಳಿ.

ಸ್ಪರ್ಧಾರ್ಥಿ, ಶಹಾಪುರ

ನಾನು ಗುರುವಾರ ರಾತ್ರಿಯ ಬಸ್ಸಿಗೆ ಬೆಂಗಳೂರಿಗೆ ಹೋಗುತ್ತಿದ್ದೇನೆ. ಕಲಬುರಗಿ ಬಸ್ ನಿಲ್ದಾಣದಲ್ಲಿ ಕವರ್ ಕೊಡಿ ಅಣ್ಣ, ಆವಕ ಸಂಖ್ಯೆಯ ಫೋಟೊ ಶುಕ್ರವಾರ ಮಧ್ಯಾಹ್ನದೊಳಗೆ ಇಲ್ಲಿ ಹಾಕುತ್ತೇನೆ.